ಮೊದಲು ಕಲಿಸಿ, ಆಮೇಲೆ ದೀಕ್ಷೆ ಕೊಡಿಸಿ

ಮಾನ್ಯ ಸಂಪಾದಕರೇ,

ಬಸವ ಜಯಂತಿ, ಶ್ರಾವಣ, ಶಿವರಾತ್ರಿ ಬಂತೆಂದರೆ ಜಿಲ್ಲಾ ಪುಟಗಳಲ್ಲಿ ಲಿಂಗಾಯತ ಮಕ್ಕಳಿಗೆ ಗುರುಗಳಿಂದ ಲಿಂಗ ಕೊಡಿಸುವ ಸಾಮೂಹಿಕ ಲಿಂಗದೀಕ್ಷೆಯ ಸುದ್ದಿ, ಫೋಟೊ ಇದ್ದೇ ಇರುತ್ತವೆ. ಇಷ್ಟು ಮಕ್ಕಳಿಗೆ ದೀಕ್ಷೆ ಆಯಿತು ಎಂಬ ಲೆಕ್ಕವೂ ಇರುತ್ತದೆ. ಮೂರು ತಿಂಗಳಾದ ಮೇಲೆ ಅವರಲ್ಲಿ ಎಷ್ಟು ಮಂದಿ ಅಂಗೈಯಲ್ಲಿ ಲಿಂಗ ಹಿಡಿದು ಕೂರುತ್ತಿದ್ದಾರೆ ಎಂದು ಮಾತ್ರ ಯಾರೂ ವಿಚಾರಿಸುವುದಿಲ್ಲ. ಎಷ್ಟೋ ಮನೆಗಳಲ್ಲಿ ಅಷ್ಟರೊಳಗೆ ಲಿಂಗವಿಡುವ ಕರಡಿಗೆ ತಿಜೋರಿ ಸೇರಿರುತ್ತದೆ. ಬೆಳ್ಳಿಯದಾದರೆ ಇನ್ನೂ ಬೇಗ.

ಇದರಲ್ಲಿ ಮಕ್ಕಳ ತಪ್ಪೇನೂ ಇಲ್ಲ. ಲಿಂಗಾಯತ ಮನೆಗಳಲ್ಲಿ ಲಿಂಗ ಕಟ್ಟುವ ಸಂದರ್ಭ ಎರಡು, ಅವೆರಡನ್ನೂ ನಾವು ಒಂದೇ ಎಂಬಂತೆ ನಡೆಸುತ್ತಿದ್ದೇವೆ. ಹುಟ್ಟಿದ ಕೂಸಿಗೆ ಲಿಂಗ ಕಟ್ಟುವುದು, ಕೆಲವು ಕಡೆ ತಾಯಿಗೆ 8ನೇ ತಿಂಗಳಿರುವಾಗಲೇ ಗರ್ಭದ ಮಗುವಿನ ಹೆಸರಿನಲ್ಲಿ ಧಾರಣೆ ಮಾಡಿಸುವುದು, ಇದು ಹೆತ್ತವರ ಸಂಕಲ್ಪ. (ಕೂಸಿನ ಕೊರಳಲ್ಲಿ ಲಿಂಗ ಕಟ್ಟುವ ಶಿವದಾರ ಬಿಟ್ಟು ಮಲಗಿಸಬೇಡಿ, ಉರುಳಾಗುತ್ತದೆ. ಮುಟ್ಟಿಸಿ ತೆಗೆದು ತಾಯಿಯೇ ಇಟ್ಟುಕೊಂಡರೆ ಸಾಕು.) 8 ವರ್ಷ ತುಂಬಿದ ಮೇಲೆ ಕೊಡಿಸುವ ದೀಕ್ಷೆಯ ಮಾತೇ ಬೇರೆ. ಗುರು ತಲೆಯ ಮೇಲೆ ಕೈಯಿಡುವುದು ವೇಧಾದೀಕ್ಷೆ, ಕಿವಿಯಲ್ಲಿ ಪಂಚಾಕ್ಷರಿ ಹೇಳುವುದು ಮಂತ್ರದೀಕ್ಷೆ, ಅಂಗೈಗೆ ಲಿಂಗ ಕೊಡುವುದು ಕ್ರಿಯಾದೀಕ್ಷೆ. ಮೂರೂ ಒಬ್ಬೊಬ್ಬರಿಗೇ ಆಗಬೇಕಾದವು. ಪೆಂಡಾಲಿನಲ್ಲಿ ಮಂತ್ರ ಮೈಕಿನಲ್ಲೇ ಮುಗಿದುಹೋಗುತ್ತದೆ, ಮಗು ಜನರ ನಡುವೆ ಅವ್ವ ಎಲ್ಲಿದ್ದಾಳೆಂದು ಹುಡುಕುತ್ತಿರುತ್ತದೆ.

ಮನೆಯವರು ಹಾಕಿಸಲು ಹೊರಟ ಜನಿವಾರವನ್ನು ಬಸವಣ್ಣ ಒಪ್ಪಲಿಲ್ಲ ಎಂದು ಪ್ರತಿ ವರ್ಷ ಭಾಷಣದಲ್ಲಿ ಹೇಳುತ್ತೇವೆ. ಅದೇ ವೇದಿಕೆಯ ಮುಂದೆ ಕೂತ ಹುಡುಗನನ್ನೋ ಹುಡುಗಿಯನ್ನೋ ‘ನಿನಗೆ ಬೇಕೇನು?’ ಎಂದು ಕೇಳುವುದಿಲ್ಲ. ಕೇಳಬೇಕು ಎಂಬುದು ನನ್ನ ವಾದ. ಬೇಡವೆಂದರೆ ಒಂದು ವರ್ಷ ಬಿಟ್ಟು ಮತ್ತೆ ಕೇಳಿ. 8 ಹೋಗಿ 14 ಆದರೂ ಕೆಡುವುದೇನಿಲ್ಲ.

ಕೇಳುವ ಮೊದಲು ಅದು ಏನೆಂದು ಮಗುವಿಗೆ ಗೊತ್ತಿರಬೇಕಲ್ಲ. ಅದಕ್ಕೆ ದೀಕ್ಷೆಗೆ ಒಂದು ತಿಂಗಳು ಮುಂಚೆ, ದಿನಾ ಬೆಳಿಗ್ಗೆ ಹಿರಿಯರ ಪಕ್ಕ ಕೂರಿಸಿಕೊಳ್ಳಿ. ತುಮಕೂರಿನ ಸಿದ್ಧಗಂಗಾ ಮಠದಂಥ ಕಡೆ ಮಕ್ಕಳಿಗೆ ಪ್ರಾರ್ಥನೆ ಬಾಯಿಗೆ ಬಂದದ್ದು ದಿನಾ ಒಟ್ಟಿಗೆ ಕೂತು ಹೇಳಿದ್ದರಿಂದ. ಮನೆಯಲ್ಲಿ ಅಪ್ಪ ಮೊಬೈಲ್ ನೋಡುತ್ತಾ ‘ಹೋಗಿ ಪೂಜೆ ಮಾಡ್ಕೋ’ ಎಂದರೆ ಎರಡು ದಿನವೂ ನಡೆಯುವುದಿಲ್ಲ.

ಪೂಜೆಯ ಕ್ರಮ ದೊಡ್ಡದೇನಲ್ಲ. ಸ್ನಾನ ಮಾಡಿ ಕೂತು, ನಡುವಿನ ಮೂರು ಬೆರಳಿಂದ ಹಣೆಗೆ ವಿಭೂತಿ ಧರಿಸಿ, ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟುಕೊಳ್ಳುವುದು. ತಣ್ಣೀರು ಎರೆದು, ಮೆತ್ತನೆಯ ಹತ್ತಿಬಟ್ಟೆಯಿಂದ ಒತ್ತಿ ಒರೆಸಿ, ವಿಭೂತಿ, ಪತ್ರೆ, ಹೂವು. ಆಮೇಲೆ ದೃಷ್ಟಿ ನಿಲ್ಲಿಸಿ ಜಪ. ಮಕ್ಕಳಿಗೆ ಕಷ್ಟವಾಗುವುದು ಈ ಕೊನೆಯ ಭಾಗವೇ, ಅದಕ್ಕೆ ಕಾರಣಗಳೂ ಬಹಳ ಸಣ್ಣವು. ಮೇಲೆ ಟ್ಯೂಬ್‌ಲೈಟ್ ಒಂದೇ ಉರಿಯುತ್ತಿದ್ದರೆ ಲಿಂಗದ ಕರಿ ಮೈಮೇಲೆ ಬರೀ ಮಬ್ಬು ಗೆರೆ ಕಾಣುತ್ತದೆ, ಕಣ್ಣು ನಿಲ್ಲುವುದಿಲ್ಲ. ಎಣ್ಣೆ ದೀಪವನ್ನು ಮಗುವಿನ ಬೆನ್ನ ಹಿಂದೆ ಒಂದು ಮಗ್ಗುಲಿಗೆ, ಭುಜಕ್ಕಿಂತ ತುಸು ಎತ್ತರದಲ್ಲಿ, ಬಟ್ಟೆಗೆ ತಾಗದಷ್ಟು ದೂರವಿಟ್ಟು ಅಂಗೈಯನ್ನು ಸ್ವಲ್ಪ ವಾಲಿಸಿದರೆ, ಲಿಂಗದ ನೆತ್ತಿಯಲ್ಲಿ ಸಾಸಿವೆಯಷ್ಟು ಬೆಳಕಿನ ಚುಕ್ಕೆ ಮೂಡುತ್ತದೆ. ನೋಡಬೇಕಾದದ್ದು ಅದನ್ನು. ರೆಪ್ಪೆ ಮಿಟುಕಿಸಬಾರದೆಂದು ಗದರಬೇಡಿ, ಕಣ್ಣಲ್ಲಿ ನೀರು ಬಂದ ಮಗು ಮರುದಿನ ಬರುವುದಿಲ್ಲ. ಅರೆಗಣ್ಣು ಸಾಕು. ಕನ್ನಡಕವಿದ್ದರೆ ತೆಗೆಸಬೇಡಿ. ಎಡಗೈ ಬೇಗ ಸೋಲುತ್ತದೆ, ಮೊಣಕೈ ಕೆಳಗೆ ಮಡಿಸಿದ ದಿಂಬು ಕೊಡಿ. ಮೊದಲ ವಾರ 5 ನಿಮಿಷ, ತಿಂಗಳ ಕೊನೆಗೆ 10 ನಿಮಿಷ. 108 ಮಣಿಯ ರುದ್ರಾಕ್ಷಿ ಸರ ಆಮೇಲೆ ಬರಲಿ.

ಲಿಂಗದ ಕರಿ ಹೊದಿಕೆಗೆ ಕಂತಿ ಎನ್ನುತ್ತಾರೆ. ಒಳಗಿನ ಕಲ್ಲಿನ ಮೇಲೆ ಬೂದಿ, ಎಣ್ಣೆ ಸೇರಿಸಿ ಅರೆದು ಹಚ್ಚಿದ ಲೇಪ ಅದು. ಬಿಸಿನೀರು, ಸೋಪು, ಹುಣಸೆಹಣ್ಣು, ಪಾತ್ರೆಯ ನಾರು ಯಾವುದೂ ಅದಕ್ಕೆ ತಾಗಬಾರದು. ಹೊಳಪು ಹೋದರೆ ಆ ಚುಕ್ಕೆಯೂ ಹೋಯಿತು. ಹಸಿ ಇರುವಾಗಲೇ ಕರಡಿಗೆಯೊಳಗೆ ಮುಚ್ಚಿಟ್ಟರೆ ವಿಭೂತಿ ಹಕ್ಕಳೆಗಟ್ಟುತ್ತದೆ. ಶಾಲೆಗೆ ಹೋಗುವ ಮಗುವಿಗೆ ಬೆಳ್ಳಿಗಿಂತ ಕಟ್ಟಿಗೆಯ ಕರಡಿಗೆ ಲೇಸು, ಹಗುರ, ಕಳ್ಳರ ಭಯವೂ ಇಲ್ಲ. ಶಿವದಾರ ಹತ್ತಿಯದಿರಲಿ. ಲಿಂಗ ಹೊಕ್ಕುಳಿಂದ ಕೆಳಗೆ ಇಳಿಯಬಾರದೆಂಬುದು ಪದ್ಧತಿ, ಎದೆಯ ಮೇಲೆ ನಿಲ್ಲುವಂತೆ ಅಳತೆ ನೋಡಿ. ಮಗು ಬೆಳೆದಂತೆ ದಾರ ಗಿಡ್ಡವಾಗುತ್ತದೆ, ಬೆವರಿಗೆ ಕೊರಳು ಕೆಂಪಾಗುತ್ತದೆ, ಆಗಾಗ ಬದಲಿಸಿ. ಕಬಡ್ಡಿ, ಈಜಿನ ಹೊತ್ತಿಗೆ ತೆಗೆದಿಡಲು ಒಂದು ಪುಟ್ಟ ಚೀಲ ಹೊಲಿದುಕೊಡಿ, ಆಟದ ಶಿಕ್ಷಕರಿಗೂ ಒಂದು ಮಾತು ಹೇಳಿಡಿ.

ಎರಡು ಹೆದರಿಕೆಗಳನ್ನು ಮಾತ್ರ ಮಕ್ಕಳ ತಲೆಗೆ ತುಂಬಬೇಡಿ. ಲಿಂಗ ಕಳೆದರೆ ಪ್ರಾಣಕ್ಕೇ ಕುತ್ತು ಎಂಬುದೊಂದು. ಇದನ್ನು ಕೇಳಿದ ಮಗು ಕಳೆದಾಗ ಮನೆಯಲ್ಲಿ ಬಾಯಿಬಿಡುವುದೇ ಇಲ್ಲ, ಖಾಲಿ ಕರಡಿಗೆ ಕಟ್ಟಿಕೊಂಡು ತಿರುಗುತ್ತದೆ. ಹುಡುಕೋಣ, ಸಿಗದಿದ್ದರೆ ಗುರುಗಳಿಂದ ಇನ್ನೊಂದು ಪಡೆಯೋಣ ಎಂದು ದೀಕ್ಷೆಯ ದಿನವೇ ಹೇಳಿ. ಇನ್ನೊಂದು, ಮುಟ್ಟಾದ ಹುಡುಗಿ ಲಿಂಗ ಮುಟ್ಟಬಾರದೆಂಬುದು. ಜನನ, ಮರಣ, ರಜಸ್ಸು, ಎಂಜಲು, ಜಾತಿ, ಈ ಐದು ಸೂತಕಗಳೂ ಲಿಂಗವಂತರಿಗಿಲ್ಲ ಎಂದು ಶರಣರು ತೊರೆದದ್ದನ್ನು ಅಡುಗೆಮನೆಯ ಬಾಗಿಲಲ್ಲಿ ನಾವೇ ಮತ್ತೆ ತಂದು ಕೂರಿಸಿದ್ದೇವೆ. 12 ವರ್ಷದ ಹುಡುಗಿಗೆ ತಿಂಗಳಿಗೆ ನಾಲ್ಕು ದಿನ ‘ಬೇಡ’ ಎಂದರೆ ಉಳಿದ ದಿನಗಳ ಪೂಜೆಯನ್ನೂ ಅವಳು ನಂಬುವುದಿಲ್ಲ, ನಂಬಲೂಬಾರದು.

ಕಾಲೇಜಿಗೆ ಹೋದ ಮೇಲೆ ಮಗ ಲಿಂಗ ತೆಗೆದಿಟ್ಟರೆ ಏನು ಮಾಡುವುದು ಎಂದು ಬಹಳ ಜನ ಕೇಳುತ್ತಾರೆ. ಏನೂ ಮಾಡಬೇಡಿ. ಬೀಗ ಹಾಕದ ಗೂಡಿನಲ್ಲಿ, ಅವನ ಕೈಗೆ ಎಟಕುವಂತೆ ಇರಲಿ.

ಮಠಗಳಲ್ಲಿ ನನ್ನ ಕೋರಿಕೆ ಇಷ್ಟೇ. ದೀಕ್ಷೆಗೆ ಹೆಸರು ಬರೆಸಿಕೊಳ್ಳುವಾಗ ಮಗುವನ್ನೂ ಕರೆಸಿ ಮಾತಾಡಿಸಿ. ಒಂದು ಸಲಕ್ಕೆ 20 ಮಕ್ಕಳಿಗಿಂತ ಹೆಚ್ಚು ತೆಗೆದುಕೊಳ್ಳಬೇಡಿ. ದೀಕ್ಷೆಯಾದ ಮುಂದಿನ ನಾಲ್ಕು ಸೋಮವಾರ ಅವರನ್ನೇ ಮತ್ತೆ ಕರೆಸಿ ಜೊತೆಗೆ ಕೂರಿಸಿಕೊಂಡು ಪೂಜೆ ಮಾಡಿಸಿ. ವರದಿಗಾರರು ಆ ನಾಲ್ಕನೇ ಸೋಮವಾರ ಬಂದು ಎಣಿಸಲಿ.

ಇತಿ,
ಒಬ್ಬ ಓದುಗ, ಗದಗ