ಚುಕ್ಕಿಯಾಚೆಗಿನ ಬಾಲ: ಗೆಳೆಯನಿಗೊಂದು ಪತ್ರ

ಪ್ರಿಯ ರಘು,

ನಿನ್ನ ಪತಂಗದ ಫೋಟೊಗಳಿಗೆ ಅಂತೂ ಒಂದು ವೆಬ್‌ಸೈಟ್ ಆಗುತ್ತಿದೆಯಲ್ಲ, ಖುಷಿಯಾಯಿತು. ‘ಮಲೆನಾಡ ಪತಂಗ’ ಚೆಂದದ ಹೆಸರು. ನನ್ನ ತಕರಾರು ಇರುವುದು ಅದರ ವೆಬ್ ವಿಳಾಸದ ಕೊನೆಗೆ ಬಾಲದ ಹಾಗೆ ನೀನು ಅಂಟಿಸಹೊರಟಿರುವ ಡಾಟ್ ಎಕ್ಸ್‌ವೈಝಡ್ ಬಗ್ಗೆ.

ಮೊದಲ ವರ್ಷ ಅಗ್ಗ ಅಂತ ಬರೆದಿದ್ದೀಯ. ಎರಡನೇ ವರ್ಷದ ರಿನ್ಯೂವಲ್ ರೇಟು ನೋಡಿದೆಯಾ? ಅದೂ ಇರಲಿ. 2015ರಲ್ಲಿ ಗೂಗಲ್‌ನ ಮಾತೃಸಂಸ್ಥೆ ಆಲ್ಫಬೆಟ್ ಇದೇ ಬಾಲ ಹಾಕಿಕೊಂಡಿತು, ಒಪ್ಪಿದೆ. ಅವರು ಏನು ಹಾಕಿಕೊಂಡರೂ ನಡೆಯುತ್ತದೆ. ನಿನ್ನ ಲಿಂಕ್ ವಾಟ್ಸಾಪಿನಲ್ಲಿ ಬಂದರೆ ತೀರ್ಥಹಳ್ಳಿಯ ನಿಮ್ಮ ಮಾವ ಒಟಿಪಿ ಕದಿಯುವವರದ್ದು ಅಂದುಕೊಂಡು ಡಿಲೀಟ್ ಮಾಡುತ್ತಾರೆ. ಅವರದೇನೂ ತಪ್ಪಿಲ್ಲ. ಟೊಕೆಲಾವ್ ಅನ್ನುವ ಪುಟ್ಟ ದ್ವೀಪದ ಡಾಟ್ ಟಿಕೆ ಪುಕ್ಕಟೆ ಸಿಗುತ್ತಿತ್ತು. ಮೋಸಗಾರರು ಮುಗಿಬಿದ್ದರು. ಆಮೇಲೆ ಆ ಬಾಲ ಇದ್ದ ಒಳ್ಳೆಯವರನ್ನೂ ಜನ ಅನುಮಾನದಿಂದಲೇ ನೋಡಿದರು.

ಡಾಟ್ ಐಒ ಅಂತೂ ಬೇಡವೇ ಬೇಡ. ಅದನ್ನು ಹಾಕಿಕೊಳ್ಳುವವರು ಹೆಚ್ಚಾಗಿ ಸಾಫ್ಟ್‌ವೇರ್ ಕಂಪನಿಗಳು, ಹಾಗಾಗಿ ಕೇಳಿದವರು ಪತಂಗ ಗುರುತಿಸುವ ಆ್ಯಪ್ ಇರಬೇಕು ಅಂತ ಡೌನ್‌ಲೋಡ್ ಬಟನ್ ಹುಡುಕುತ್ತಾರೆ. ಅಸಲಿಗೆ ಅದು ಹಿಂದೂ ಮಹಾಸಾಗರದ ಬ್ರಿಟಿಷ್ ಪ್ರದೇಶಕ್ಕೆ, ಅಂದರೆ ಛಾಗೋಸ್ ದ್ವೀಪಗಳಿಗೆ, ಕೊಟ್ಟ ಎರಡಕ್ಷರದ ಕೋಡ್. ಆ ದ್ವೀಪಗಳನ್ನು ಮಾರಿಷಸ್‌ಗೆ ಬಿಟ್ಟುಕೊಡುವ ಒಪ್ಪಂದಕ್ಕೆ 2025ರ ಮೇ ತಿಂಗಳಲ್ಲಿ ಸಹಿ ಬಿದ್ದಿತು. ಪ್ರದೇಶದ ಹೆಸರೇ ಹೋದರೆ ಕೋಡ್ ಉಳಿಯುತ್ತದಾ? ಯುಗೊಸ್ಲಾವಿಯಾ ಒಡೆದು ಹೋದ ಮೇಲೆ ಅದರ ಡಾಟ್ ವೈಯು 2010ರಲ್ಲಿ ಪೂರ್ತಿ ಮುಚ್ಚಿಹೋಯಿತು. ಹಾಗಂತ ಎಲ್ಲ ದ್ವೀಪಗಳ ಕಥೆಯೂ ಹೀಗಲ್ಲ. ತುವಾಲು ದೇಶಕ್ಕೆ ಡಾಟ್ ಟಿವಿಯಿಂದ ದುಡ್ಡು ಬಂತು, ಆ ದುಡ್ಡಿನ ಬಲದಲ್ಲೇ 2000ದಲ್ಲಿ ವಿಶ್ವಸಂಸ್ಥೆಯ ಸದಸ್ಯನಾಯಿತು! ಎರಡಕ್ಷರ ನೋಡಿ ಜನ ಟೆಲಿವಿಷನ್ ಅಂದುಕೊಂಡದ್ದೇ ಅವರ ಪುಣ್ಯ.

ಡಾಟ್ ಕಾಮ್ ಅಂದರೆ ಏನೋ ಮಾರುವವರು ಅನ್ನಿಸುತ್ತದೆ. ಡಾಟ್ ಆರ್ಗ್ ಅಂದರೆ ದೇಣಿಗೆ ಕೇಳುವವರು. ಕನ್ನಡ ಲಿಪಿಯಲ್ಲೇ ಡಾಟ್ ಭಾರತ ಇದೆ, ನನಗೂ ಅದರ ಮೇಲೆ ಆಸೆ. ಆದರೆ ಲಿಂಕ್ ಕಾಪಿ ಮಾಡಿ ಕಳಿಸಿದರೆ ಎಷ್ಟೋ ಕಡೆ ಎಕ್ಸ್‌ಎನ್ ಅಂತ ಶುರುವಾಗುವ ಅರ್ಥವಿಲ್ಲದ ಅಕ್ಷರಗಳ ಸಾಲಾಗಿಬಿಡುತ್ತದೆ. ಅದನ್ನು ಒತ್ತುವ ಧೈರ್ಯ ಯಾರಿಗಿದೆ ಹೇಳು.

ಸುಮ್ನೆ ಡಾಟ್ ಇನ್ ತಗೋ. 2005ರಿಂದ ಎಲ್ಲರಿಗೂ ಸಲೀಸಾಗಿ ಸಿಗುತ್ತಿದೆ. ಕೇಳಿದವರ ಕಿವಿ ಅಲ್ಲಿ ನಿಲ್ಲುವುದೇ ಇಲ್ಲ, ನೇರ ಪತಂಗದ ಕಡೆ ಹೋಗುತ್ತದೆ. ಹೊಸ ಬಾಲ ಹಾಕಿದರೆ ‘ಏನಂದ್ರಿ? ಇನ್ನೊಮ್ಮೆ ಹೇಳಿ’ ಅನ್ನುವವರಿಗೆ ಉತ್ತರ ಕೊಡುವುದರಲ್ಲೇ ನಿನ್ನ ಮಾತು ಮುಗಿಯುತ್ತದೆ.

ಇನ್ನೊಂದು, ಇದು ಬಾಲಕ್ಕಿಂತ ಜಾಸ್ತಿ ತಲೆನೋವು. ಇಂಗ್ಲಿಷಿನಲ್ಲಿ ಬರೆಯುವಾಗ ಪತಂಗದ ‘ತ’ಕ್ಕೆ ನಾವು ಟಿಎಚ್ ಹಾಕುತ್ತೇವೆ, ಉತ್ತರದವರು ಬರೀ ಟಿ. ಎರಡೂ ಹೆಸರು ಕೊಂಡು ಒಂದನ್ನು ಇನ್ನೊಂದಕ್ಕೆ ತಿರುಗಿಸಿಬಿಡು. ಎಕ್ಸ್‌ವೈಝಡ್‌ನ ಎರಡನೇ ವರ್ಷಕ್ಕೆ ಹೋಗುತ್ತಿದ್ದ ದುಡ್ಡು ಇದಕ್ಕಾಗಲಿ.

ಇಂತಿ ನಿನ್ನ,
ಮಂಜು