ಇತಿಹಾಸದ ನಾಟಕ ಒಂದು ರಾತ್ರಿಗೆ ಮುಗಿಯದಿರಲಿ, ಊರೂರು ಸುತ್ತಲಿ

ಮಾನ್ಯ ಸಂಪಾದಕರೇ,

ಊರಿನ ಇತಿಹಾಸವನ್ನು ನಾಟಕ ಮಾಡುವವರಿಗೆ ಮೊದಲು ಕೆಲವು ಎಚ್ಚರಿಕೆಯ ಮಾತು. ಕಿತ್ತೂರಿನ ಕಥೆ ಆಡುವಾಗ ಧಾರವಾಡದ ಕಲೆಕ್ಟರ್ ಥ್ಯಾಕರೆಯ ಕುರ್ಚಿಯ ಹಿಂದೆ ವಿಕ್ಟೋರಿಯಾ ರಾಣಿಯ ಪಟ ತೂಗುಹಾಕಬೇಡಿ. ಥ್ಯಾಕರೆ ಕಿತ್ತೂರಿನಲ್ಲಿ ಸತ್ತದ್ದು 1824ರ ಅಕ್ಟೋಬರ್ 23ರಂದು, ವಿಕ್ಟೋರಿಯಾ ಪಟ್ಟಕ್ಕೆ ಬಂದದ್ದು 1837ರಲ್ಲಿ. ದತ್ತುಮಗನ ಹಕ್ಕು ನಿರಾಕರಿಸುವ ದೃಶ್ಯದಲ್ಲಿ ಅವನ ಬಾಯಿಗೆ ಡಾಲ್‌ಹೌಸಿಯ ಹೆಸರನ್ನೂ ತುರುಕಬೇಡಿ. ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದದ್ದೇ 1848ರಲ್ಲಿ. ಥ್ಯಾಕರೆಗೆ ಖಾಕಿ ಉಡುಪು, ಸೊಂಟಕ್ಕೆ ಪಿಸ್ತೂಲಿನ ಚೀಲ ಕೊಡುವುದೂ ತಪ್ಪು. ಅವನು ಕಲೆಕ್ಟರ್, ದಂಡಿನವನಲ್ಲ. ಕಂಪನಿಯ ಕಾಲಾಳುಗಳಿಗೆ ಆಗ ಕೆಂಪು ಕೋಟು, ಫಿರಂಗಿ ದಳದವರಿಗೆ ಕಡುನೀಲಿ. ಖಾಕಿ ಹುಟ್ಟಿದ್ದು 1840ರ ದಶಕದ ಕೊನೆಗೆ, ಅದೂ ದೂರದ ವಾಯವ್ಯ ಗಡಿಯಲ್ಲಿ.

ಇವೆಲ್ಲ ಚಿಲ್ಲರೆ ತಕರಾರು ಅನ್ನಿಸಬಹುದು. ಆದರೆ ಸ್ಥಳೀಯ ಇತಿಹಾಸದ ನಾಟಕಕ್ಕೆ ಬರುವ ಪ್ರೇಕ್ಷಕ ಪುರಾಣದ ನಾಟಕಕ್ಕೆ ಬರುವವನಂತಲ್ಲ. ಅವನ ಹೊಲದ ಬದುವಿನಲ್ಲಿ ವೀರಗಲ್ಲಿದೆ, ಅವನ ಅಜ್ಜಿಗೆ ಲಾವಣಿ ಬಾಯಿಪಾಠ. ನಾಟಕ ತನ್ನೂರಿನದು ಎಂಬ ನಂಬಿಕೆಯಿಂದ ಕೂತವನ ಮುಂದೆ ತಪ್ಪು ಆಡಿದರೆ, ನಾಳೆ ಅವನ ಮಗ ಶಾಲೆಯಲ್ಲಿ ಅದನ್ನೇ ಬರೆಯುತ್ತಾನೆ.

ಈಗ ಜಿಲ್ಲೆಗಳಲ್ಲಿ ನಡೆಯುತ್ತಿರುವುದೇನು? ಉತ್ಸವಕ್ಕೆಂದು ನೂರಾರು ಕಲಾವಿದರು, ಕುದುರೆ, ಪಟಾಕಿ, ಎತ್ತರದ ಕೋಟೆಯ ಕಟೌಟು, ಮೊದಲೇ ಧ್ವನಿಮುದ್ರಿಸಿದ ಮಾತಿಗೆ ತುಟಿ ಆಡಿಸುವ ನಟರು. ಒಂದು ರಾತ್ರಿ, ಹೆಚ್ಚೆಂದರೆ ಎರಡು. ಬೆಳಗಾಗುವಷ್ಟರಲ್ಲಿ ಕೋಟೆ ಲಾರಿ ಏರಿರುತ್ತದೆ, ಪಠ್ಯ ಯಾರ ಬಳಿಯೂ ಉಳಿದಿರುವುದಿಲ್ಲ. ಆ ಖರ್ಚಿನ ಒಂದು ಪಾಲಿನಲ್ಲೇ ಹದಿನಾಲ್ಕು ಜನರ ತಂಡವೊಂದು ಅದೇ ಕಥೆಯನ್ನು ಜಿಲ್ಲೆಯ ಹೋಬಳಿ ಹೋಬಳಿಗೆ ಒಯ್ಯಬಹುದು. ಅನುದಾನ ಕೊಡುವವರೂ ನಾಟಕ ಕಟ್ಟುವವರೂ ಇದನ್ನು ಗಂಭೀರವಾಗಿ ಯೋಚಿಸಬೇಕೆಂಬುದೇ ಈ ಪತ್ರದ ಉದ್ದೇಶ. ದೊಡ್ಡದನ್ನು ಕಂಡು ನಮ್ಮ ಜನ ಬೆರಗಾದದ್ದು ಹೊಸತಲ್ಲ, 1934ರಲ್ಲೇ ಗುಬ್ಬಿ ವೀರಣ್ಣನವರ ನಾಟಕ ಕಂಪನಿ ‘ಕುರುಕ್ಷೇತ್ರ’ ನಾಟಕಕ್ಕೆ ಆನೆ ಕುದುರೆಗಳನ್ನು ರಂಗಕ್ಕೆ ತಂದಿತ್ತು. ಆದರೆ ಗುಬ್ಬಿ ಕಂಪನಿ ಊರೂರು ಸುತ್ತುತ್ತಿತ್ತು ಎಂಬುದನ್ನು ಮರೆಯಬಾರದು. 1985ರಲ್ಲಿ ಶುರುವಾದ, ನೀನಾಸಂ ಸಂಸ್ಥೆಯ ಸಂಚಾರಿ ನಾಟಕ ತಂಡ ‘ತಿರುಗಾಟ’ವಂತೂ, ಸಣ್ಣ ತಂಡ ಎಷ್ಟು ದೂರ ಹೋಗಬಲ್ಲದು ಎಂಬುದನ್ನು ಕಣ್ಣೆದುರೇ ತೋರಿಸಿದೆ.

ಮೊದಲ ಕೆಲಸ ಆಕರ. ಹಳೆ ಮೈಸೂರು ಭಾಗದ ತಾಲ್ಲೂಕುಗಳ ಶಾಸನಗಳು ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ ಸಂಪುಟಗಳಲ್ಲೋ ನಂತರದ ಪರಿಷ್ಕೃತ ಸಂಪುಟಗಳಲ್ಲೋ ಸಿಗುತ್ತವೆ. ಬೆಳಗಾವಿ, ಧಾರವಾಡ, ಬಾಗಲಕೋಟೆ ಕಡೆಯವರಿಗೆ ಜೆ.ಎಫ್. ಫ್ಲೀಟ್ ಸಂಗ್ರಹಿಸಿ ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಅಚ್ಚು ಮಾಡಿಸಿದ ಲಾವಣಿಗಳಿವೆ. ಸಂಗೊಳ್ಳಿ ರಾಯಣ್ಣನ ಮೇಲಿನದೂ ಇದೆ, ಹಲಗಲಿ ಬೇಡರ ಮೇಲಿನದೂ ಇದೆ. ಶಾಸನದ ಶಕ ವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ. ಪುಷ್ಯದಿಂದ ಫಾಲ್ಗುಣದವರೆಗಿನ ತಿಥಿಯಾದರೆ ಇಂಗ್ಲಿಷ್ ವರ್ಷ ಒಂದು ಮುಂದೆ ಹೋಗಿರಬಹುದು, ಪಂಚಾಂಗದ ಕೋಷ್ಟಕ ನೋಡಿಯೇ ಖಚಿತ ಮಾಡಿಕೊಳ್ಳಬೇಕು.

ಆಕರ ಕೈಗೆ ಬಂದ ಮೇಲೆ ಉದ್ದ ಅಂಚಿನ ವಹಿಯೊಂದನ್ನು ಮಾಡಿ, ಎಡಪುಟದಲ್ಲಿ ದಾಖಲೆ ಹೇಳುವುದನ್ನು ಮಾತ್ರ, ಬಲಪುಟದಲ್ಲಿ ನಾಟಕಕಾರ ಕಟ್ಟಿದ್ದನ್ನು ಬರೆಯಬೇಕು. ಈ ಗೆರೆ ಅಳಿಸಿದರೆ ಆಮೇಲೆ ಯಾವುದು ಕಲ್ಲಿನ ಮಾತು, ಯಾವುದು ನಮ್ಮ ಮಾತು ಎಂದು ತಂಡಕ್ಕೇ ತಿಳಿಯುವುದಿಲ್ಲ. ತಕರಾರು ಬಂದಾಗ ಕೈಯಲ್ಲಿ ಹಿಡಿದು ತೋರಿಸಲು ಈ ವಹಿಯೇ ಆಧಾರ.

ಎಡಪುಟ ಚಿಕ್ಕದಿದ್ದರೆ ಹೆದರಬೇಕಿಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವನ್ನು ನೋಡಿ. ತಕ್ಕೋಲದಲ್ಲಿ ಚೋಳ ರಾಜಾದಿತ್ಯ ಬಿದ್ದ ಯುದ್ಧದ ಕಾಲ, ಹತ್ತನೆಯ ಶತಮಾನದ ನಡುಭಾಗ. ಗಂಗರ ಬೂತುಗ ತನ್ನ ಬಂಟ ಮಣಲೇರನ ಶೌರ್ಯ ಮೆಚ್ಚಿ ಬೇಕಾದ್ದು ಕೇಳು ಎನ್ನುತ್ತಾನೆ. ಅವನು ಕೇಳುವುದು ಊರನ್ನಲ್ಲ, ಹೊನ್ನನ್ನಲ್ಲ, ಕಾಳಿ ಎಂಬ ನಾಯಿಯನ್ನು. ಆ ನಾಯಿ ಬೆಳತೂರಿನ ಗುಡ್ಡದಲ್ಲಿ ದೊಡ್ಡ ಹಂದಿಯ ಮೇಲೆ ಬಿದ್ದು ಎರಡೂ ಸಾಯುತ್ತವೆ. ನಾಯಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಕಲ್ಲಿಗೆ ಪೂಜೆ ಮಾಡದೆ ಗುಡಿಯ ಗೊರವ (ಪೂಜಾರಿ) ಉಣ್ಣಬಾರದು ಎಂದು ಕಟ್ಟಳೆ ಹಾಕುತ್ತಾರೆ. ಇಷ್ಟರಲ್ಲಿ ಮುಕ್ಕಾಲು ಗಂಟೆಯ ನಾಟಕವಿದೆ. ನಾಯಿಯ ಮುಖವಾಡ ಬೇಡ, ಮಕ್ಕಳು ನಕ್ಕುಬಿಡುತ್ತಾರೆ. ಮಣಲೇರನ ಕೈಯಲ್ಲಿ ಬಿಗಿದ ಹಗ್ಗವೊಂದಿರಲಿ, ಅದರ ಇನ್ನೊಂದು ತುದಿ ಸೈಡ್‌ವಿಂಗಿನೊಳಗೆ ಇರಲಿ. ಹಗ್ಗ ಜಗ್ಗಿದಂತೆ ಚೆಂಡೆ ನುಡಿಯಲಿ. ಹಗ್ಗ ಸಡಿಲಾಗಿ ನೆಲಕ್ಕೆ ಬಿದ್ದಾಗ ವಾದ್ಯವೂ ನಿಲ್ಲಲಿ.

ಬಾಗಲಕೋಟೆ ಕಡೆಯ ಹಲಗಲಿಯದು ಬೇರೆ ಬಗೆ. ಆಯುಧಗಳನ್ನು ಒಪ್ಪಿಸಬೇಕೆಂಬ 1857ರ ಹತಾರದ ಕಾಯ್ದೆಯನ್ನು ಒಪ್ಪದ ಬೇಡರ ಊರಿನ ಮೇಲೆ ದಂಡು ಬಿದ್ದು, ಊರು ಸುಟ್ಟ ಕಥೆ. ಇದನ್ನು ಆಡುವವರು ಸಾಮಾನ್ಯವಾಗಿ ಬೆಂಕಿಯ ಬೆನ್ನು ಹತ್ತುತ್ತಾರೆ: ಕೆಂಪು ದೀಪ, ಹೊಗೆ, ಕಿರುಚಾಟ. ಲಾವಣಿ ಮಾಡುವುದು ಬೇರೆಯದನ್ನು. ದಂಡಿನವರು ಒಯ್ದದ್ದನ್ನು ಒಂದೊಂದಾಗಿ ಎಣಿಸುತ್ತದೆ: ಕೊಡಲಿ, ಉಪ್ಪು, ಎಣ್ಣೆ, ಜೀರಿಗೆ, ಅಕ್ಕಿ, ಬೆಲ್ಲ, ಗಂಗಾಳ. ರಂಗದ ಮೇಲೂ ಅಷ್ಟೇ ಸಾಕು. ನಾಟಕದ ಮೊದಲ ದೃಶ್ಯದಲ್ಲೇ ಈ ಸಾಮಾನುಗಳು ಮನೆಯೊಳಗೆ ಬಳಕೆಯಾಗುತ್ತಿರಬೇಕು, ಗಂಗಾಳದಲ್ಲಿ ಯಾರೋ ಉಂಡಿರಬೇಕು. ಕೊನೆಯಲ್ಲಿ ಒಬ್ಬೊಬ್ಬ ಸಿಪಾಯಿ ಬಂದು ಒಂದೊಂದನ್ನು ಎತ್ತಿಕೊಂಡು ಹೋಗಲಿ, ಹಾಡುವವರು ಹೆಸರು ಹೇಳುತ್ತ ಹೋಗಲಿ. ಗಂಗಾಳವನ್ನು ಎತ್ತುವಾಗ ಅದು ನೆಲಕ್ಕೆ ತಾಗಿ ಆಗುವ ಸದ್ದಿನ ಪರಿಣಾಮ ಯಾವ ಹೊಗೆಯಂತ್ರಕ್ಕೂ ಸಾಧ್ಯವಿಲ್ಲ. ಸ್ಟೀಲಿನದು ಬೇಡ, ಹಿತ್ತಾಳೆಯದೇ ಬೇಕು.

ಆ ಭಾಗದ ಕಥೆಗಳಿಗೆ ಲಾವಣಿ ಹಾಡುವ ಗೀಗೀ ಮೇಳದಂಥ ನಿರೂಪಕರು ಬೇರೆ ಸಿಗಲಾರರು. ಮುಂದೆ ಹಾಡುವವ ಡಪ್ಪು ಹಿಡಿದಿರುತ್ತಾನೆ, ಹಿಂದಿನ ಇಬ್ಬರಲ್ಲಿ ಒಬ್ಬನ ಕೈಯಲ್ಲಿ ಒಂಟಿತಂತಿಯ ತುಂತುಣಿ, ಇನ್ನೊಬ್ಬನ ಕೈಯಲ್ಲಿ ತಾಳ. ತಾರೀಖು, ಊರು, ಹೆಸರುಗಳನ್ನು ಹಾಡಿನಲ್ಲೇ ಹೇಳಿಬಿಡುತ್ತಾರೆ. ಪಾತ್ರಗಳು ಒಬ್ಬರಿಗೊಬ್ಬರು ಗೊತ್ತಿರುವುದನ್ನೇ ಪ್ರೇಕ್ಷಕರಿಗಾಗಿ ವಿವರಿಸುವ ಕೆಟ್ಟ ಸಂಭಾಷಣೆ ತಪ್ಪುತ್ತದೆ. ಕಂಪನಿ ನಾಟಕದವರು ಡೀಪ್ ಸೀನ್ (ರಂಗದ ಹಿಂಭಾಗದ ದೊಡ್ಡ ಸಜ್ಜಿಕೆ) ಕಟ್ಟುವಷ್ಟು ಹೊತ್ತು ಮುಂದಿನ ಪರದೆಯಲ್ಲಿ ಹಾಸ್ಯ ಆಡಿಸುತ್ತಿದ್ದರಲ್ಲ, ಆ ಕೆಲಸವನ್ನೂ ಮೇಳವೇ ಮಾಡುತ್ತದೆ. ದಾಖಲೆ ಮೌನವಾಗಿರುವಲ್ಲಿ ‘ಹಿಂಗ ಅಂತಾರ, ಖರೇ ಖೋಟಾ ಯಾರು ಬಲ್ಲರು’ ಎಂದು ಮೇಳದವ ನೇರವಾಗಿ ಹೇಳಿದರೆ ಪ್ರಾಮಾಣಿಕತೆಯೂ ಉಳಿಯಿತು, ಆಟದ ರಂಗೂ ಕೆಡಲಿಲ್ಲ.

ಹದಿನಾಲ್ಕು ಜನರ ತಂಡದ ಲೆಕ್ಕ ಹೀಗೆ: ಮೇಳದವರು ಮೂವರು, ಒಂಬತ್ತು ನಟ-ನಟಿಯರು, ಬೆಳಕಿಗೊಬ್ಬರು, ವ್ಯವಸ್ಥೆಗೊಬ್ಬರು. ಒಬ್ಬ ನಟ ಮೂರು ಪಾತ್ರ ಮಾಡಬೇಕಾಗುತ್ತದೆ. ಅದಕ್ಕೆಂದೇ ಉಡುಪಿನ ಬುಡ ಎಲ್ಲರಿಗೂ ಒಂದೇ ಇರಬೇಕು: ದೋತರ, ಅಂಗಿ. ಮೇಲಿನ ರುಮಾಲು, ಕೋಟು, ಕಂಬಳಿ ಬದಲಾದರೆ ಪಾತ್ರ ಬದಲಾಯಿತು. ರುಮಾಲು ಪ್ರತಿಸಲ ಸುತ್ತಲು ಐದಾರು ಮೀಟರ್ ಬಟ್ಟೆ, ಎರಡು ನಿಮಿಷ ಬೇಕು. ಅಷ್ಟು ಪುರುಸೊತ್ತು ಸಿಗುವುದಿಲ್ಲ. ಅವರವರ ತಲೆಯ ಅಳತೆಗೆ ಒಮ್ಮೆ ಸುತ್ತಿ, ಒಳಗಿನಿಂದ ದಾರ ಹಾಕಿ ಹೊಲಿದು ಇಟ್ಟುಕೊಳ್ಳಬೇಕು. ಕಚ್ಚೆ ಸೀರೆಗೆ ಹದಿನಾರರಿಂದ ಹದಿನೆಂಟು ಮೊಳ ಬೇಕೇ ಬೇಕು. ಅಂಗಡಿಯ ಆರು ಗಜದ ಸೀರೆಯಲ್ಲಿ ಕಚ್ಚೆ ಹಾಕಿ ಕತ್ತಿ ಬೀಸಲು ಹೋದರೆ ನಡುರಂಗದಲ್ಲೇ ಬಿಚ್ಚುತ್ತದೆ.

ರಂಗಸಜ್ಜಿಕೆಗೆ ಹತ್ತಡಿಯ ಎಂಟು ಬಿದಿರು, ನಾಲ್ಕಡಿ-ಮೂರಡಿಯ ಆರು ಮಣೆಗಳು ಸಾಕು. ಮಣೆಗಳು ಎರಡು ಅಳತೆಯ ಎತ್ತರದವು, ಒಂದರ ಮೇಲೊಂದು ಕೂರುವಂತಿರಲಿ. ಬಿದಿರೇ ಕೋಟೆಯ ಬಾಗಿಲು, ಅದೇ ಡೇರೆ, ನಂದಗಡದಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಿದ 1831ರ ಜನವರಿ 26ರ ದೃಶ್ಯಕ್ಕೆ ಅದೇ ನೇಣುಗಂಬ. ಬಹಳಷ್ಟು ಶಾಲೆಗಳ ಕಟ್ಟೆ ಇಪ್ಪತ್ತಡಿ ಅಗಲ ದಾಟುವುದಿಲ್ಲ. ತಾಲೀಮಿನ ಮನೆಯಲ್ಲಿ ನೆಲಕ್ಕೆ ಸುಣ್ಣದ ಗೆರೆ ಎಳೆದು, ಮೊದಲ ದಿನದಿಂದ ಅಷ್ಟರಲ್ಲೇ ಆಡಿ ರೂಢಿ ಮಾಡಿಕೊಳ್ಳಬೇಕು.

ಬಂದೂಕಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. 1824ರ ಬಂದೂಕು ಒಂದು ಸಲ ಹಾರಿದರೆ ಮತ್ತೆ ತುಂಬಿಸಬೇಕು. ಕಾಗದದ ತೋಟಾವನ್ನು ಹಲ್ಲಿನಿಂದ ಹರಿಯಬೇಕು, ಬಂದೂಕಿನ ಕಿವಿಯ (ಬೆಂಕಿ ಒಳಹೋಗುವ ತೂತಿನ) ಹತ್ತಿರದ ಬಟ್ಟಲಿಗೆ ಚೂರು ಮದ್ದು ಹಾಕಿ ಮುಚ್ಚಬೇಕು, ಉಳಿದದ್ದನ್ನು ನಳಿಗೆಗೆ ಸುರಿದು, ಗುಂಡು ಹಾಕಿ, ಸಲಾಕೆಯಿಂದ ಜಡಿಯಬೇಕು. ಪಳಗಿದ ಸಿಪಾಯಿಗೂ ನಿಮಿಷಕ್ಕೆ ಮೂರೇ ಗುಂಡು. ಸಿನಿಮಾದಂತೆ ಪಟಪಟನೆ ಹಾರಿಸುವುದು ಸುಳ್ಳು ಮಾತ್ರವಲ್ಲ, ನಾಟಕಕ್ಕೆ ನಷ್ಟ ಕೂಡ. ಆ ಇಪ್ಪತ್ತು ಸೆಕೆಂಡನ್ನು ಪೂರ್ತಿ ಆಡಿಸಿ: ಸಿಪಾಯಿ ಸಲಾಕೆ ಜಡಿಯುತ್ತಿದ್ದಾನೆ, ಎದುರಿನವ ಕತ್ತಿ ಹಿಡಿದು ದೂರದಿಂದ ಓಡಿ ಬರುತ್ತಿದ್ದಾನೆ. ಪ್ರೇಕ್ಷಕರು ಉಸಿರು ಬಿಗಿಹಿಡಿಯುವುದು ಅಲ್ಲಿ. ಗುಂಡಿನ ಸದ್ದಿಗೆ ಪೆನ್‌ಡ್ರೈವ್ ನಂಬಬೇಡಿ, ಕರೆಂಟು ಹೋದರೆ ಥ್ಯಾಕರೆ ಸದ್ದಿಲ್ಲದೆ ಬೀಳಬೇಕಾಗುತ್ತದೆ. ವಿಂಗಿನಲ್ಲಿ ಡೊಳ್ಳಿಗೆ ಒಂದೇ ಪೆಟ್ಟು, ಅಷ್ಟೇ. ಕತ್ತಿಯ ಅಂಚು ಮೂರು ಮಿಲಿಮೀಟರಿಗಿಂತ ತೆಳುವಿರಬಾರದು, ತುದಿ ದುಂಡಗಿರಬೇಕು. ಹಿಡಿಯ ಮೊಳೆ ಸಡಿಲಾಗಿ ಅಲಗು ಪ್ರೇಕ್ಷಕರತ್ತ ಹಾರುವುದೇ ದೊಡ್ಡ ಅಪಾಯವಾದ್ದರಿಂದ ಪ್ರತಿ ಆಟಕ್ಕೂ ಮುಂಚೆ ಒಬ್ಬರು ಎಲ್ಲ ಕತ್ತಿಗಳನ್ನೂ ಜಗ್ಗಿ ನೋಡಬೇಕು.

ಮಾತಿನಲ್ಲಿ ನುಸುಳುವ ತಪ್ಪುಗಳು ಇನ್ನೂ ಸೂಕ್ಷ್ಮ. ಚಾಲುಕ್ಯರ, ಹೊಯ್ಸಳರ ಕಾಲದ ಅಡುಗೆಮನೆಯಲ್ಲಿ ಮೆಣಸಿನಕಾಯಿ, ಟೊಮ್ಯಾಟೊ, ಶೇಂಗಾ, ಗೋವಿನಜೋಳ, ತಂಬಾಕು ಇರಲಿಲ್ಲ. ಎಲ್ಲವೂ ಪೋರ್ಚುಗೀಸರು ಬಂದ ಮೇಲಿನವು. ಖಾರಕ್ಕೆ ಕಾಳುಮೆಣಸು. ಶಾಸನದ ಹಳಗನ್ನಡವನ್ನು ಒಂದೆರಡು ಸಾಲು ಓದಿಸಿದರೆ ಚೆಂದ, ಪಾತ್ರಗಳೆಲ್ಲ ಅದರಲ್ಲೇ ಮಾತಾಡಿದರೆ ಯಾರಿಗೂ ಅರ್ಥವಾಗದು. ಇತ್ತ ರಾಯಣ್ಣನಿಗೆ ಪಠ್ಯಪುಸ್ತಕದ ಗ್ರಂಥಭಾಷೆ ಕೊಡುವುದೂ ಅನ್ಯಾಯ. ‘ನಾನು ನಿನ್ನನ್ನು ಬಿಡುವುದಿಲ್ಲ’ ಅನ್ನುವ ಬದಲು ‘ನಿನ್ನ ಬಿಡಾಂಗಿಲ್ಲಲೇ’ ಅಂದರೆ ಸಂಗೊಳ್ಳಿಯ ಮಣ್ಣಿಗೆ ಹತ್ತಿರ.

ಬೆಳಕಿಗೆ ಸಾವಿರ ವ್ಯಾಟಿನ ಹನ್ನೆರಡು ದೀಪ ಹಚ್ಚಿದರೆ ಐವತ್ತು ಆಂಪಿಯರ್ ದಾಟುತ್ತದೆ. ಶಾಲೆಯ ಒಂದೇ ಫೇಸಿಗೆ ಅಷ್ಟೂ ಹೊರೆ ಹಾಕಿದರೆ ಮೊದಲ ದೃಶ್ಯದಲ್ಲೇ ಫ್ಯೂಜು ಹೋಗುತ್ತದೆ. ಎಲ್‌ಇಡಿ ದೀಪಗಳಾದರೆ ಈ ತಲೆನೋವಿಲ್ಲ. ಧ್ವನಿವರ್ಧಕಕ್ಕೆ ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಿರ್ಬಂಧವಿರುವುದರಿಂದ ಏಳೂವರೆಗೆ ಆಟ ಶುರುವಾಗಿ ಒಂಬತ್ತೂವರೆಗೆ ಮುಗಿಯುವಂತಿರಬೇಕು. ಸಂರಕ್ಷಿತ ಸ್ಮಾರಕದೊಳಗೆ ಆಡುವ ಆಸೆಯಿದ್ದರೆ ಪುರಾತತ್ವ ಇಲಾಖೆಯ ಲಿಖಿತ ಅನುಮತಿ ಮೊದಲೇ ಕೈಯಲ್ಲಿರಬೇಕು, ಅಲ್ಲಿ ಬಿದಿರು ನೆಡಲು ಗುಂಡಿ ತೋಡುವಂತಿಲ್ಲ.

ಕೊನೆಗೆ ಎಲ್ಲಕ್ಕಿಂತ ಕಷ್ಟದ್ದು. ರಾಯಣ್ಣ ಸಿಕ್ಕಿಬಿದ್ದದ್ದು ನಮ್ಮವರ ದ್ರೋಹದಿಂದ. ಕಂಪನಿಯ ದಂಡಿನಲ್ಲಿ ಇದ್ದವರೂ ಹೆಚ್ಚಿನವರು ಈ ನೆಲದವರೇ. ದ್ರೋಹಿಯ ಪಾತ್ರಕ್ಕೆ ದಾಖಲೆಯಲ್ಲಿಲ್ಲದ ಜಾತಿಯನ್ನೋ ಮನೆತನವನ್ನೋ ಅಂಟಿಸಿದರೆ ಆಟ ಅಲ್ಲಿಗೇ ನಿಂತಿತು, ಊರೊಳಗೆ ಹಗೆಯೂ ಉಳಿಯಿತು. ಮೊದಲ ಪ್ರದರ್ಶನಕ್ಕೆ ಹದಿನೈದು ದಿನ ಮುಂಚೆ ಆ ಊರಿನ ಕಟ್ಟೆಯಲ್ಲೇ ಪಠ್ಯವನ್ನು ಎಲ್ಲರ ಮುಂದೆ ಓದಬೇಕು. ಎಡಪುಟದ ತಪ್ಪು ಯಾರಾದರೂ ತೋರಿಸಿದರೆ ತಿದ್ದಬೇಕು. ಬಲಪುಟದ್ದನ್ನು ಬರೀ ಒತ್ತಡಕ್ಕೆ ಬಗ್ಗಿ ತಿದ್ದಬಾರದು.

ಅನುದಾನ ಕೊಡುವ ಇಲಾಖೆಗಳಲ್ಲಿ ನಮ್ಮ ಕೋರಿಕೆ ಎರಡೇ. ಹಣವನ್ನು ಒಂದು ರಾತ್ರಿಯ ವೆಚ್ಚಕ್ಕೆ ಬದಲು ಕನಿಷ್ಠ 25 ಪ್ರದರ್ಶನಗಳಿಗೆಂದು ಕಂತುಗಳಲ್ಲಿ ಕೊಡಲಿ. ಪ್ರತಿ ಊರಿನ ಶಾಲೆಗೆ ನಾಟಕದ ಅಚ್ಚಾದ ಪ್ರತಿಯೊಂದನ್ನು, ಎಡಪುಟದ ಆಕರಗಳ ಸಮೇತ, ಬಿಟ್ಟು ಬರುವುದನ್ನು ಕಡ್ಡಾಯ ಮಾಡಲಿ. ತಂಡಗಳಿಗೂ ಒಂದು ಮಾತು: ಆಟ ಮುಗಿದ ಕೂಡಲೇ ಬಿದಿರು ಬಿಚ್ಚಿ ಗಾಡಿ ಹತ್ತಬೇಡಿ. ಹಿರಿಯರು ಮನೆಗೆ ಹೋಗಿ ಹಳೆಯ ಲಾವಣಿ ವಹಿ ತರುವುದು ಆಗಲೇ. ಒಬ್ಬರು ಅಲ್ಲೇ ಕೂತು, ಅವರ ಒಪ್ಪಿಗೆ ಪಡೆದು, ಪುಟಪುಟದ ಫೋಟೊ ತೆಗೆದು, ವಹಿಯನ್ನು ಅದೇ ರಾತ್ರಿ ಅವರ ಕೈಗೆ ಒಪ್ಪಿಸಿ ಬರಲಿ.

ಇಂತಿ,
ಉತ್ತರ ಕರ್ನಾಟಕದ ಕೆಲವು ಹವ್ಯಾಸಿ ರಂಗಕರ್ಮಿಗಳು