ಏರ್ ಫಿಲ್ಟರ್ ಬದಲಿಸುವವರು ಜೆಟ್ ಯಾಕೆ ಮರೆಯುತ್ತಾರೆ?

ಮಾನ್ಯ ಸಂಪಾದಕರೇ,

ಜೋರು ಸದ್ದಿನ ಸೈಲೆನ್ಸರ್‌ಗಳನ್ನು ಪೊಲೀಸರು ರಸ್ತೆ ಮೇಲೆ ಸಾಲಾಗಿ ಜೋಡಿಸಿ, ರೋಡ್ ರೋಲರ್ ಹಾಯಿಸುವ ಫೋಟೊ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ನೋಡಲು ಖುಷಿಯೇ. ಆದರೆ ಅದೇ ಬೈಕ್‌ಗಳ ಸೀಟಿನ ಕೆಳಗೆ ಏನಿದೆ ಎಂದು ಯಾರೂ ಬಗ್ಗಿ ನೋಡುವುದಿಲ್ಲ. ಸೈಲೆನ್ಸರ್ ಇಡೀ ಬೀದಿಗೆ ಕೇಳುತ್ತದೆ, ಏರ್ ಫಿಲ್ಟರ್ ಓಡಿಸುವವನಿಗೆ ಮಾತ್ರ. ಚಿಕ್ಕಮಗಳೂರಿನಲ್ಲಿ ಸಣ್ಣ ಗ್ಯಾರೇಜ್ ನಡೆಸುವವನು ನಾನು. ಗೀರುಬಿದ್ದ ಪಿಸ್ಟನ್ ಹಿಡಿದುಕೊಂಡು ಬರುವ ಹುಡುಗರನ್ನು ವಿಚಾರಿಸಿದರೆ, ಕತೆ ಬಹಳ ಸಲ ಫಿಲ್ಟರ್‌ನಿಂದಲೇ ಶುರುವಾಗುತ್ತದೆ.

ಆನ್‌ಲೈನ್‌ನಲ್ಲಿ ಕೋನ್ ಫಿಲ್ಟರ್ ಸಿಗುತ್ತದೆ. ಕೆಂಪು ಬಟ್ಟೆ, ತುದಿಗೆ ಕ್ರೋಮ್ ಮುಚ್ಚಳ. ಫಿಲ್ಟರ್ ಕೂರುವ ಕಂಪನಿಯ ಏರ್ ಬಾಕ್ಸ್ ಕಿತ್ತು, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬೊರೇಟರ್ ಬಾಯಿಗೆ ಇದನ್ನು ಕ್ಲಾಂಪ್ ಹಾಕಿ ಬಿಗಿದರೆ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಎಕ್ಸಲರೇಟರ್ ತಿರುಗಿಸಿದಾಗ ಗೊರ್ ಎಂದು ಗಾಳಿ ಎಳೆಯುವ ಸದ್ದು. ಸದ್ದು ಜಾಸ್ತಿ ಆದರೆ ಪಿಕಪ್ಪೂ ಜಾಸ್ತಿ ಆದಂತೆ ಅನಿಸುತ್ತದೆ, ಅಲ್ವಾ?

ಎಂಜಿನ್ ಬರೀ ಗಾಳಿ ಕುಡಿದು ಓಡುವುದಿಲ್ಲ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಪೂರ್ತಿ ಶಕ್ತಿ ಬೇಕಾದಾಗ ಪೆಟ್ರೋಲ್ ಇನ್ನೂ ಸ್ವಲ್ಪ ಜಾಸ್ತಿ ಕೊಡಬೇಕು, 12.5ರಿಂದ 13 ಗ್ರಾಂ ಗಾಳಿಗೆ ಒಂದು ಗ್ರಾಂ. ಕಾರ್ಬೊರೇಟರ್‌ಗೆ ಈ ಲೆಕ್ಕ ತಾನಾಗಿ ಬರುವುದಿಲ್ಲ. ಏರ್ ಬಾಕ್ಸ್ ಗಾಳಿಯನ್ನು ಒಂದಿಷ್ಟು ತಡೆಯುತ್ತದೆ, ಕಾರ್ಬೊರೇಟರ್‌ನ ಕಿರಿದಾದ ಗಂಟಲಿನಲ್ಲಿ ಹುಟ್ಟುವ ಎಳೆತಕ್ಕೆ ಆ ತಡೆಯೂ ಸೇರುತ್ತದೆ, ಆ ಎಳೆತಕ್ಕೆ ಜೆಟ್‌ನಿಂದ, ಅಂದರೆ ಸಣ್ಣ ತೂತಿನ ತಿರುಪಿನಿಂದ, ಪೆಟ್ರೋಲ್ ಮೇಲೆ ಬರುತ್ತದೆ. ಕಂಪನಿಯವರು ಜೆಟ್‌ನ ತೂತು ಆರಿಸಿರುವುದು ಇದನ್ನೆಲ್ಲ ಲೆಕ್ಕ ಹಾಕಿ. ದಾರಿ ಸಲೀಸಾದರೆ ಗಾಳಿ ಹೆಚ್ಚುತ್ತದೆ, ಎಳೆತ ಇಳಿಯುತ್ತದೆ. ಗಾಳಿಗೆ ತಕ್ಕಷ್ಟು ಪೆಟ್ರೋಲ್ ಬರುವುದಿಲ್ಲ. ಗ್ಯಾರೇಜಿನಲ್ಲಿ ನಾವು ಲೀನ್ ಆಯಿತು ಅನ್ನುತ್ತೇವೆ. ಬಿಸಿ ಏರುತ್ತದೆ, ಪಿಸ್ಟನ್ ಉಬ್ಬಿ ಸಿಲಿಂಡರ್ ಗೋಡೆಗೆ ಉಜ್ಜುತ್ತದೆ.

ಇತ್ತೀಚೆಗೆ ಒಬ್ಬ ಹುಡುಗ ಅಪ್ಪನ ಕಾಲದ ಯಮಹಾ ಆರ್‌ಎಕ್ಸ್ 100 ಬೈಕ್ ತಂದಿದ್ದ. 98 ಸಿಸಿ, 11 ಬಿಎಚ್‌ಪಿ. 1996ಕ್ಕೇ ತಯಾರಿಕೆ ನಿಂತುಹೋದ ಗಾಡಿಯಾದರೂ ನಮ್ಮ ಕಾಫಿ ತೋಟಗಳ ಕಡೆ ಇವತ್ತಿಗೂ ಅದಕ್ಕೆ ರಾಜಮರ್ಯಾದೆ. "ಅಣ್ಣಾ, ಫುಲ್ ತಿರುಗಿಸಿದ್ರೆ ಬ್ರೇಕ್ ಹಿಡಿದ ಹಾಗೆ ಆಗುತ್ತೆ. ಸ್ವಲ್ಪ ಬಿಟ್ರೆ ಮತ್ತೆ ಓಡುತ್ತೆ" ಅಂದ. ಸ್ಪಾರ್ಕ್ ಪ್ಲಗ್ ಬಿಚ್ಚಿದೆ. ತುದಿ ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು, ಲೀನ್ ಓಡಿದ ಗುರುತು. ಸೈಲೆನ್ಸರ್ ಕಳಚಿ, ಎಕ್ಸಾಸ್ಟ್ ಪೋರ್ಟ್‌ನೊಳಗೆ ಟಾರ್ಚ್ ಬಿಟ್ಟು ಪಿಸ್ಟನ್ ತೋರಿಸಿದೆ. ಪಕ್ಕೆಯಲ್ಲಿ ಮೇಲಿಂದ ಕೆಳಗೆ ಗೀರುಗಳು. "ಇನ್ನೊಂದು ಸಲ ಹೀಗೇ ಓಡಿಸಿದ್ರೆ ಹಿಂದಿನ ಚಕ್ರ ನಿಂತೇ ಹೋಗುತ್ತೆ ಮಾರಾಯ" ಅಂದೆ. ಫಿಲ್ಟರ್ ಹಾಕಿಕೊಟ್ಟ ಅಂಗಡಿಯವನು ಜೆಟ್ ವಿಷಯವನ್ನೇ ಎತ್ತಿರಲಿಲ್ಲ.

ಹುಡುಗ ಫಿಲ್ಟರ್ ಬಿಡಲು ಒಪ್ಪಲಿಲ್ಲ. ಸರಿ, ಹಾಗಾದರೆ ಟ್ಯೂನಿಂಗ್ ಸರಿಯಾಗಿ ಆಗಲಿ. ಮೊದಲು ಪಿಸ್ಟನ್, ಸಿಲಿಂಡರ್ ಬೋರ್ ಸರಿ ಮಾಡಿ, ನಿಧಾನ ಓಡಿಸಿ ಪಳಗಿಸುವ ರನ್ನಿಂಗ್-ಇನ್ ಮುಗಿಸಿದ್ದಾಯಿತು. ಆಮೇಲೆ ಜೆಟ್. ಐಡ್ಲಿಂಗ್ ನೋಡಿಕೊಳ್ಳುವುದು ಪೈಲಟ್ ಜೆಟ್, ನಡುವಿನ ಓಟಕ್ಕೆ ನೀಡಲ್ ಎಂಬ ಸೂಜಿ, ಮುಕ್ಕಾಲಿನಿಂದ ಮೇಲೆ ತಿರುಗಿಸಿದಾಗ ಮೇನ್ ಜೆಟ್. ಮೇನ್ ಜೆಟ್ ಒಂದು ನಂಬರ್ ಏರಿಸಿ, ನೀಡಲ್ ಕ್ಲಿಪ್ ಒಂದು ಕಚ್ಚು ಕೆಳಗಿಳಿಸಿದೆ. ಕ್ಲಿಪ್ ಇಳಿದರೆ ನೀಡಲ್ ಏರುತ್ತದೆ, ಪೆಟ್ರೋಲ್ ಜಾಸ್ತಿ ಬರುತ್ತದೆ. ಹೊಸ ಪ್ಲಗ್ ಹಾಕಿ, ಕಡೂರು ರಸ್ತೆಯ ಖಾಲಿ ಜಾಗದಲ್ಲಿ ಮೂರನೇ ಗೇರ್‌ನಲ್ಲಿ ಪೂರ್ತಿ ತಿರುಗಿಸಿ ಓಡಿಸಿ, ಒಮ್ಮೆಲೇ ಕೀ ಆಫ್ ಮಾಡಿ ಕ್ಲಚ್ ಹಿಡಿದು ನಿಲ್ಲಿಸಿದೆ. ಪ್ಲಗ್ ಇನ್ನೂ ಬೆಳ್ಳಗೇ ಇತ್ತು. ಇನ್ನೊಂದು ನಂಬರ್ ಮೇಲೆ ಹೋದೆ. ಹೀಗೇ ತಿಳಿ ಕಂದು ಬಣ್ಣ ಬರುವ ತನಕ. ಕಪ್ಪು ಮಸಿ ಕೂತಿದ್ದರೆ ಪೆಟ್ರೋಲ್ ಅತಿಯಾಯಿತು ಎಂದು ಅರ್ಥ. ಇಷ್ಟಕ್ಕೆ ಅರ್ಧ ದಿನ ಹಿಡಿಯುತ್ತದೆ. ಇದಕ್ಕೆ ಕೂಲಿ ಕೇಳಿದರೆ ಜನ ಮುಖ ನೋಡುತ್ತಾರೆ, ಅದು ಬೇರೆ ಮಾತು.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಪೇಚು ಇದೆ. ಮಂಗಳೂರಿನ ಸಮುದ್ರಮಟ್ಟದಲ್ಲಿ ಟ್ಯೂನ್ ಮಾಡಿದ ಕಾರ್ಬೊರೇಟರ್ ಗಾಡಿ 1,900 ಮೀಟರ್ ದಾಟಿದ ಮುಳ್ಳಯ್ಯನಗಿರಿ ಹತ್ತುವಾಗ ಗಾಳಿ ತೆಳ್ಳಗಾಗಿ, ಪೆಟ್ರೋಲ್ ಹೆಚ್ಚಾಗಿ ಮುಕ್ಕರಿಸುತ್ತದೆ. ಹುಡುಗರು ದಾರಿಯಲ್ಲೇ ಚಿಕ್ಕ ಜೆಟ್ ಹಾಕಿಸುತ್ತಾರೆ. ಅದೇ ಜೆಟ್‌ನಲ್ಲಿ ಚಾರ್ಮಾಡಿ ಇಳಿದು ಬಯಲಿನಲ್ಲಿ ಪೂರ್ತಿ ತಿರುಗಿಸಿದರೆ ಲೀನ್ ಆಗುತ್ತದೆ. ಹಳೆಯ ಯೆಜ್ಡಿ ಬೈಕ್‌ಗಳಿಗಂತೂ ಇದು ಎರಡು ಪಟ್ಟು ಅಪಾಯ. ಆಯಿಲ್ ಕಿಂಗ್ ಎಂಬ ಮಾಡೆಲ್ ಬಿಟ್ಟರೆ ಅವುಗಳಲ್ಲಿ ಎಂಜಿನ್ ಆಯಿಲ್ ಬೆರೆಸುವುದೇ ಪೆಟ್ರೋಲ್ ಜೊತೆ. ಪೆಟ್ರೋಲ್ ಕಮ್ಮಿಯಾದರೆ ಆಯಿಲೂ ಕಮ್ಮಿ.

ಈಗಿನ ಪೆಟ್ರೋಲ್ ಬೇರೆ. ಶೇ 20ರಷ್ಟು ಎಥೆನಾಲ್. ಎಥೆನಾಲ್‌ನ ತೂಕದಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಆಮ್ಲಜನಕವೇ. ಅಂದರೆ ಹಳೇ ಗಾಡಿ ಏನೂ ಬದಲಿಸದಿದ್ದರೂ ಆಗಲೇ ಸ್ವಲ್ಪ ಲೀನ್ ಓಡುತ್ತಿದೆ. ಅದರ ಮೇಲೆ ಕೋನ್ ಫಿಲ್ಟರ್!

"ನನ್ನದು ಬಿಎಸ್6, ಕಂಪ್ಯೂಟರ್ ಎಲ್ಲಾ ಅಡ್ಜಸ್ಟ್ ಮಾಡಿಕೊಳ್ಳುತ್ತೆ ಸಾರ್" ಅನ್ನುವ, ಕಾರ್ಬೊರೇಟರ್ ಇಲ್ಲದ ಹೊಸ ಬೈಕಿನವರೂ ಇದ್ದಾರೆ. ಅರ್ಧ ನಿಜ. ಸೈಲೆನ್ಸರ್ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರ್ ನೋಡಿ ಇಸಿಯು, ಅಂದರೆ ಆ ಕಂಪ್ಯೂಟರ್, ಪೆಟ್ರೋಲ್ ತಿದ್ದುವುದು ಮಾಮೂಲಿ ಓಟದಲ್ಲಿ. ಪೂರ್ತಿ ತಿರುಗಿಸಿದಾಗ ಹೆಚ್ಚಿನ ಗಾಡಿಗಳಲ್ಲಿ ಅದು ಸೆನ್ಸರ್ ಮಾತು ಬಿಟ್ಟು, ಕಂಪನಿ ಬರೆದಿಟ್ಟ ಪೆಟ್ರೋಲ್ ಲೆಕ್ಕದ ಪಟ್ಟಿ, ಅಂದರೆ ಮ್ಯಾಪ್, ಹಿಡಿಯುತ್ತದೆ. ಆ ಮ್ಯಾಪ್‌ಗೆ ಹೊಸ ಫಿಲ್ಟರ್ ಗೊತ್ತಿಲ್ಲ. ಮ್ಯಾಪ್ ಬದಲಿಸಬೇಕಾದರೆ ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಡೈನೊ ಯಂತ್ರದ ಮೇಲೆ ನಿಲ್ಲಿಸಿ, ಹೊಗೆ ಅಳೆದು ಮಾಡಬೇಕು. ಆನ್‌ಲೈನ್‌ನಲ್ಲಿ ಚಿಪ್ ಎಂದು ಮಾರುವ ಅಗ್ಗದ ಡಬ್ಬಿಗಳನ್ನು ಒಡೆದು ನೋಡಿದ್ದೇನೆ. ಒಳಗೆ ಒಂದು ರೆಸಿಸ್ಟರ್. ಗಾಳಿ ತಣ್ಣಗಿದೆ ಎಂದು ಇಸಿಯುಗೆ ಸುಳ್ಳು ಹೇಳಿ ಪೆಟ್ರೋಲ್ ಸುರಿಸುವುದು ಅದರ ಕೆಲಸ. ಇದಕ್ಕೆ ಟ್ಯೂನಿಂಗ್ ಅನ್ನುವುದು ನಮ್ಮ ಕಸುಬಿಗೇ ಅವಮಾನ.

ಇನ್ನು ಧೂಳು. ಬೇಸಿಗೆಯಲ್ಲಿ ತೋಟದ ಕೆಮ್ಮಣ್ಣು ರಸ್ತೆಯಲ್ಲಿ ಮುಂದೆ ಒಂದು ಜೀಪ್ ಹೋದರೆ ಸಾಕು. ಬಟ್ಟೆ ಫಿಲ್ಟರ್‌ಗೆ ಆಯಿಲ್ ಸವರಿ ಇಡದಿದ್ದರೆ ಆ ಮಣ್ಣು ನೇರ ಪಿಸ್ಟನ್ ರಿಂಗ್‌ಗೆ. ಮಳೆಗಾಲದಲ್ಲಿ ನೀರು. ಬಾಕ್ಸ್ ಇಲ್ಲದ ಫಿಲ್ಟರ್ ಎಂಜಿನ್ ಪಕ್ಕದ ಬಿಸಿ ಗಾಳಿಯನ್ನೇ ಎಳೆಯುವುದರಿಂದ, ಸಿಕ್ಕ ಲಾಭವೂ ಅಲ್ಲೇ ಕರಗುತ್ತದೆ.

ಟ್ಯೂನಿಂಗ್ ಬೇಡ ಎಂದು ನಾನು ಹೇಳುತ್ತಿಲ್ಲ, ಅದು ನನ್ನ ಅನ್ನ. ಅರ್ಧ ಕೆಲಸ ಮಾರಬೇಡಿ ಅನ್ನುತ್ತಿದ್ದೇನೆ. ಫಿಲ್ಟರ್ ಡಬ್ಬಿಯ ಮೇಲೆ 'ಜೆಟ್ ಅಥವಾ ಮ್ಯಾಪ್ ಬದಲಿಸದೆ ಹಾಕಬೇಡಿ' ಎಂದು ಕನ್ನಡದಲ್ಲಿ ಅಚ್ಚು ಹಾಕಿಸಲು ಏನು ಕಷ್ಟ?

ಸಾರಿಗೆ ಇಲಾಖೆಗೂ ಒಂದು ಮಾತು. ಬೈಕ್‌ಗಳ ಎಮಿಷನ್ ಟೆಸ್ಟ್ ನಡೆಯುವುದು ಐಡ್ಲಿಂಗ್‌ನಲ್ಲಿ. ಆಗ ಕೆಲಸ ಮಾಡುವುದು ಪೈಲಟ್ ಜೆಟ್ ಒಂದೇ. ಮೇನ್ ಜೆಟ್ ವಿಪರೀತ ದೊಡ್ಡದಾಗಿ ರಸ್ತೆಯಲ್ಲಿ ಕಪ್ಪು ಹೊಗೆ ಬಿಡುವ ಗಾಡಿಯೂ ಅಲ್ಲಿ ಸಲೀಸಾಗಿ ಪಾಸ್. ಎಕ್ಸಲರೇಟರ್ ಏರಿಸಿ ಇನ್ನೊಂದು ಅಳತೆ ತೆಗೆದುಕೊಳ್ಳಲಿ. ಅಷ್ಟಾಗದಿದ್ದರೆ, ಏರ್ ಬಾಕ್ಸ್ ಜಾಗದಲ್ಲಿದೆಯೋ ಇಲ್ಲವೋ ಎಂದು ನೋಡಿ ಸರ್ಟಿಫಿಕೇಟ್ ಮೇಲೆ ಬರೆಯಲಿ. ಅದಕ್ಕೆ ಮೆಷಿನ್ನೂ ಬೇಕಿಲ್ಲ.

ಇತಿ,
ಒಬ್ಬ ಬೈಕ್ ಮೆಕ್ಯಾನಿಕ್, ಚಿಕ್ಕಮಗಳೂರು